ಮನೆಯ ಕಾಳುಕಡಿಗಳನ್ನು ಹುಳುಗಳಿಂದ ಕಾಯುವ ವಿಷಯ

ಸುಗ್ಗಿ ತೀರಿ ಕಣದ ಕೆಲಸ ಮುಗಿದ ಮೇಲೆ ರೈತನು ದೇವರಿಗೆ ಸ್ತೋತ್ರ ಹೇಳಿ ಕಾಳನ್ನು ಮನೆಗೆ ತರುತ್ತಾನೆ. ಪ್ರಥಮಫಲದ ಕಾಣಿಕೆ ಸಭೆಗೆ ಸಲ್ಲುತ್ತದೆ, ಸಾಲ ಕೊಟ್ಟವನ ಪಾಲು ಅವನಿಗೆ ಹೋಗುತ್ತದೆ, ಉಳಿದದ್ದು ಹೆಂಡತಿ ಮಕ್ಕಳ ವರ್ಷದ ಅನ್ನವೆಂದು ಚೀಲಗಳಲ್ಲಿಯೂ ಗಡಿಗೆಗಳಲ್ಲಿಯೂ ನಿಲ್ಲುತ್ತದೆ. ಆದರೆ ಮೃಗಶಿರ ಮಳೆ ಬೀಳುವ ಹೊತ್ತಿಗೆ ಮನೆಯ ತಾಯಿಯು ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದರೆ ಜೋಳವು ಬೆಚ್ಚಗೆ ತಗಲುತ್ತದೆ, ಹಿಟ್ಟಿನಂಥ ಧೂಳು ಬೆರಳಿಗೆ ಅಂಟುತ್ತದೆ, ಮರದಲ್ಲಿ ಹಾಕಿ ಕೇರಿದರೆ ಕಾಳಿಗಿಂತ ಹೊಟ್ಟೇ ಹೆಚ್ಚಾಗಿ ಹಾರುತ್ತದೆ. ಕಳ್ಳನು ಬಂದು ಒಯ್ದಿದ್ದರೆ ಊರೆಲ್ಲಾ ಕೂಗಾಟವಾಗುತ್ತಿತ್ತು. ಹುಳುವು ಸದ್ದಿಲ್ಲದೆ ಒಯ್ಯುವದರಿಂದ ನಾವು ಹಣೆಬರಹವೆಂದು ಸುಮ್ಮನಾಗುತ್ತೇವೆ. ಸಾಲದ್ದಕ್ಕೆ ಮಳೆಗಾಲದಲ್ಲಿ ಅಂಗಡಿಯಿಂದ ಕೊಂಡು ತರುವ ಕಾಳಿಗೆ ಸುಗ್ಗಿಯಲ್ಲಿ ನಾವು ಮಾರಿದ ಬೆಲೆಯಲ್ಲ, ಅಂಗಡಿಯವನು ಹೇಳಿದ ಬೆಲೆಯನ್ನು ತೆರಬೇಕಾಗುತ್ತದೆ.

ಯೋಸೇಫನು ಏಳು ವರ್ಷದ ಸಮೃದ್ಧಿಯಲ್ಲಿ ಐದರಲ್ಲೊಂದು ಪಾಲನ್ನು ಪಟ್ಟಣಗಳಲ್ಲಿ ಕೂಡಿಸಿಡಿಸಿದ ಸಂಗತಿಯನ್ನು ನಮ್ಮ ಮಕ್ಕಳು ಸಹ ಬಲ್ಲರು. ಕೂಡಿಸುವದು ಒಂದು ಕೆಲಸ, ಕೆಡದಂತೆ ಕಾಯುವದು ಇನ್ನೊಂದು ಕೆಲಸ. ಐಗುಪ್ತದ ಪುರಾತನ ಸಮಾಧಿಗಳನ್ನು ಅಗೆದ ಪಂಡಿತರಿಗೆ ೪೦೦೦ ವರ್ಷಗಳಿಗೂ ಹಿಂದಿನ ಧಾನ್ಯದ ಹುಳುಗಳು ಸಿಕ್ಕಿವೆ. ಹೀಗಿರಲಾಗಿ ಆ ದೇಶದ ಉಗ್ರಾಣದವರಿಗೂ ಈ ವೈರಿಯ ಪರಿಚಯವಿತ್ತೆಂದು ತಿಳಿಯಬೇಕು. ಕರ್ತನು ಭೂಲೋಕದ ಸಂಪತ್ತಿನ ವಿಷಯ ಬೋಧಿಸುವಾಗ ನುಸಿಯ ಹೆಸರೆತ್ತಿದ್ದು ಕೇಳುವವರ ಮನೆಯೊಳಗಿನ ಅನುಭವವನ್ನು ಬಲ್ಲವನಾಗಿಯೇ. ಆ ಮಾತನ್ನು ಹಿಡಿದು, ಕಾಳು ಕೆಟ್ಟರೆ ಕೆಡಲಿ ಎಂದು ಕೈಕಟ್ಟಿ ಕೂಡ್ರುವ ಕೆಲವರಿದ್ದಾರೆ. ಅದು ಆ ಬೋಧನೆಯ ಅರ್ಥವಲ್ಲ. ಐದು ಸಾವಿರ ಮಂದಿ ಉಂಡ ಮೇಲೆ ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸಬೇಕೆಂದು ಅಪ್ಪಣೆ ಮಾಡಿದವನೂ ಅದೇ ಕರ್ತನು.

ಮೊದಲು ಹುಳು ಎಲ್ಲಿಂದ ಬರುತ್ತದೆಂಬದನ್ನು ವಿಚಾರಿಸೋಣ. ಕಾಳಿನಿಂದಲೇ ಹುಳು ತಾನಾಗಿ ಹುಟ್ಟುವದೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ಎಣಿಸುತ್ತಾರೆ. ಅಮಾವಾಸ್ಯೆಯ ದಿನ ತುಂಬಿದ್ದರಿಂದ ಹುಳು ಬಿತ್ತೆನ್ನುವವರೂ, ನೆರೆಯವಳ ದೃಷ್ಟಿ ತಾಕಿತೆನ್ನುವವರೂ ಇದ್ದಾರೆ. ಇಂಥ ಮಾತುಗಳಿಂದ ನೆರೆಹೊರೆಯಲ್ಲಿ ಜಗಳ ಹುಟ್ಟುವದೇ ಹೊರತು ಒಂದು ಹುಳುವೂ ಸಾಯುವದಿಲ್ಲ. ೧೬೬೮ರಲ್ಲಿ ಇಟಲಿ ದೇಶದ ರೇದಿ ಎಂಬ ವೈದ್ಯನು ಕೆಲವು ಪಾತ್ರೆಗಳಲ್ಲಿ ಮಾಂಸವನ್ನಿಟ್ಟು, ಕೆಲವಕ್ಕೆ ತೆಳುವಾದ ಬಟ್ಟೆ ಕಟ್ಟಿ, ಕೆಲವನ್ನು ತೆರೆದೇ ಬಿಟ್ಟನು. ನೊಣ ಕೂತು ತತ್ತಿಯಿಡಲಿಕ್ಕೆ ಆಸ್ಪದವಿದ್ದ ಪಾತ್ರೆಗಳ ಮಾಂಸದಲ್ಲಿ ಮಾತ್ರ ಹುಳುಗಳಾದವು. ಕಾಳಿನ ಹುಳುವಿನ ಮಾತೂ ಹಾಗೆಯೇ. ತಾಯಿ ಹುಳು ತತ್ತಿಯಿಡದೆ ಮರಿಯಿಲ್ಲ. ಆದದರಿಂದ ತಾಯಿ ಹುಳು ಎಲ್ಲಿ ತತ್ತಿಯಿಟ್ಟಿತು, ಹೇಗೆ ಒಳಗೆ ಬಂತು ಎಂದು ಕೇಳುವದೇ ಸರಿಯಾದ ವಿಚಾರ.

ಅಕ್ಕಿ, ಜೋಳ, ಗೋವಿನಜೋಳಗಳಲ್ಲಿ ಕಾಣುವ ಕಂದು ಬಣ್ಣದ, ಮುಂದಕ್ಕೆ ಚಾಚಿದ ಮೂತಿಯುಳ್ಳ ಸಣ್ಣ ಹುಳುವನ್ನು ಎಲ್ಲರೂ ನೋಡಿದ್ದಾರೆ. ಹೆಣ್ಣು ಹುಳುವು ಆ ಮೂತಿಯಿಂದ ಕಾಳಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಅದರೊಳಗೆ ಒಂದು ತತ್ತಿಯನ್ನಿಟ್ಟು ಅಂಟಿನಿಂದ ಬಾಯಿ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಕಾಳು ಚೊಕ್ಕಟವಾಗಿಯೇ ಇರುತ್ತದೆ. ಮರಿಯು ಒಳಗೇ ತಿಂದು ಬೆಳೆದು, ಸೆಕೆಯ ಕಾಲದಲ್ಲಿ ನಾಲ್ಕೈದು ವಾರಗಳಲ್ಲಿ, ದುಂಡಗಿನ ತೂತು ಮಾಡಿಕೊಂಡು ಹೊರಬೀಳುತ್ತದೆ. ಹೀಗೆ ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಮುನ್ನೂರು ತತ್ತಿಗಳವರೆಗೆ ಇಡಬಲ್ಲದು. ಫಾಲ್ಗುಣದಲ್ಲಿ ಚೀಲ ಸೇರಿದ ಹತ್ತು ಹುಳುಗಳು ಆಷಾಢದ ಹೊತ್ತಿಗೆ ಎಷ್ಟಾಗುವವೆಂಬ ಲೆಕ್ಕವನ್ನು ಶಾಲೆಗೆ ಹೋಗುವ ಹುಡುಗರಿಂದ ಮಾಡಿಸಿ ನೋಡಿರಿ.

ಅಲಸಂದಿ, ಹೆಸರು, ಕಡಲೆ, ತೊಗರಿಗಳ ಹುಳು ಬೇರೆ ಜಾತಿಯದು. ಅದು ತತ್ತಿಯನ್ನು ಕಾಳಿನ ಮೈಮೇಲೆಯೇ ಅಂಟಿಸುತ್ತದೆ. ಕಾಳಿನ ಮೇಲೆ ಬಿಳೀ ಚುಕ್ಕೆಗಳು ಕಂಡರೆ ಅವು ಸುಣ್ಣದ ಕಲೆಯೆಂದು ಬಿಡಬಾರದು. ಅವುಗಳಿಂದ ಹೊರಟ ಮರಿಯು ನೇರವಾಗಿ ಕಾಳಿನೊಳಗೆ ಇಳಿಯುತ್ತದೆ. ಈ ಹುಳುವು ಹೊಲದಲ್ಲಿ ಕಾಯಿ ಒಣಗುತ್ತಿರುವಾಗಲೇ ಬಂದು ತತ್ತಿಯಿಡುವದುಂಟು. ಅಂದರೆ ನಾವೇ ವೈರಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ತರುತ್ತೇವೆ. ಇಡೀ ಕಾಳಿನಲ್ಲಿ ಇದು ಬೆಳೆಯುವಂತೆ ಒಡೆದ ಬೇಳೆಯಲ್ಲಿ ಬೆಳೆಯಲಾರದು. ಊಟಕ್ಕಿಟ್ಟ ತೊಗರಿಯನ್ನು ಬೇಗನೆ ಬೇಳೆ ಮಾಡಿಸಿ ಇಡುವ ನಮ್ಮ ಅಜ್ಜಿಯರ ರೂಢಿಯು ಇದಕ್ಕೇ ತಕ್ಕದ್ದಾಗಿದೆ.

ಹಿಟ್ಟು, ರವೆಗಳಲ್ಲಿ ಓಡಾಡುವ ಕೆಂಪು ಹುಳುವಿಗೆ ಗಟ್ಟಿ ಕಾಳನ್ನು ಕೊರೆಯುವ ಶಕ್ತಿ ಕಡಿಮೆ. ನುಚ್ಚು, ಹಿಟ್ಟು, ಬೇರೆ ಹುಳು ತಿಂದು ಬಿಟ್ಟ ಪುಡಿ, ಇವೇ ಅದರ ಆಹಾರ. ಅದು ಹೆಚ್ಚಿದ ಹಿಟ್ಟು ಕೆಟ್ಟ ವಾಸನೆ ಹೊಡೆಯುತ್ತದೆ, ರೊಟ್ಟಿ ರುಚಿಗೆಡುತ್ತದೆ. ರವೆಯು ಗಂಟು ಗಂಟಾಗಿ ಎಳೆಯಿಂದ ಹೆಣೆದಂತೆ ಕಂಡರೆ ಅದು ಪತಂಗದ ಮರಿಯ ಕೆಲಸ. ಇವೆರಡಕ್ಕೂ ಉಪಾಯ ಒಂದೇ: ಹದಿನೈದು ದಿನಕ್ಕೆ ಸಾಕಾಗುವಷ್ಟೇ ಹಿಟ್ಟು ಬೀಸಿಸಿ, ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯದೆ, ಡಬ್ಬಿಯನ್ನು ತೊಳೆದು ಒಣಗಿಸಿ ತುಂಬಬೇಕು.

ಈಗ ಕಾಯುವ ಕ್ರಮ. ಎಲ್ಲಕ್ಕಿಂತ ಮುಖ್ಯವಾದದ್ದು ಒಣಗಿಸುವದು. ಇದರಲ್ಲಿ ತಪ್ಪಿದವನಿಗೆ ಉಳಿದ ಯಾವ ಉಪಾಯವೂ ಸಾಲದು. ನೂರು ಭಾಗ ಕಾಳಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಭಾಗ ನೀರಿರಬಾರದು. ಬೇಳೆಕಾಳುಗಳಲ್ಲಿ ಒಂಬತ್ತು ಹತ್ತು ಭಾಗಕ್ಕೆ ಇಳಿದರೆ ಇನ್ನೂ ಲೇಸು. ಇದನ್ನು ಅಳೆಯುವ ಯಂತ್ರ ನಮ್ಮ ಮನೆಗಳಲ್ಲಿ ಇಲ್ಲದಿದ್ದರೂ ಹಲ್ಲು ಇದೆ. ಒಣಗಿದ ಕಾಳು ಕಡಿದಾಗ ಕಟ್ಟೆಂದು ಒಡೆಯುತ್ತದೆ, ಹಸಿ ಕಾಳು ಮೆತ್ತಗೆ ಜಜ್ಜಿಕೊಳ್ಳುತ್ತದೆ. ಇನ್ನೊಂದು ಪರೀಕ್ಷೆಯುಂಟು. ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳನ್ನೂ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಒಂದು ಚಮಚೆ ಪುಡಿಯುಪ್ಪನ್ನೂ ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ ಸ್ವಲ್ಪ ಹೊತ್ತು ಇಡಬೇಕು. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಕಾಳು ಇನ್ನೂ ಹಸಿಯಾಗಿದೆ, ತುಂಬಬಾರದು.

ಗೋವಿನಜೋಳದ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ರಾಣೇಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಗಳಲ್ಲಿ ಈ ಬೆಳೆ ಬಹಳವಾಗಿ ಹಬ್ಬಿದೆ. ಹಿಂಗಾರಿನ ಮೋಡದಲ್ಲಿ ತೆನೆ ಮುರಿದು ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಹಸುರು ಹಳದಿ ಬಣ್ಣದ ಒಂದು ಜಾತಿಯ ಬೂಷ್ಟು ಗೋವಿನಜೋಳ, ಶೇಂಗಾಗಳಲ್ಲಿ ಬೆಳೆದು ಯಕೃತ್ತನ್ನು ಕೆಡಿಸುವ ವಿಷವನ್ನು ಬಿಡುತ್ತದೆ. ಬೇಯಿಸಿದರೂ ಸುಟ್ಟರೂ ಆ ವಿಷವು ಪೂರ್ತಿಯಾಗಿ ಹೋಗುವದಿಲ್ಲ. ೧೯೭೪ರಲ್ಲಿ ಗುಜರಾತ, ರಾಜಸ್ಥಾನಗಳ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡ ಬಡಜನರಲ್ಲಿ ಕಾಮಾಲೆ ಕಾಣಿಸಿಕೊಂಡು ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಹುಳು ತಿಂದ ಕಾಳನ್ನು ಕೇರಿ ಉಣ್ಣಬಹುದು, ಬೂಷ್ಟು ಹಿಡಿದದ್ದನ್ನು ಉಣ್ಣಲಾಗದು. ಅದನ್ನು ದನಕ್ಕೆ ಹಾಕುವದೂ ತಪ್ಪು.

ಬಿಸಿಲು ದೇವರು ಬಡವನಿಗೂ ಬಲ್ಲಿದನಿಗೂ ಸಮವಾಗಿ ಕೊಟ್ಟ ಔಷಧ. ಆದರೆ ಅದನ್ನು ಬಳಸುವ ರೀತಿಯುಂಟು. ಗೇಣೆತ್ತರ ರಾಶಿ ಹಾಕಿದರೆ ಮೇಲಿನ ಹುಳು ಕೆಳಗಿಳಿಯುತ್ತದೆ, ಸಂಜೆಗೆ ಮೇಲೇರುತ್ತದೆ. ಕರೀ ತಾಡಪತ್ರಿಯ ಮೇಲೆ ಎರಡು ಬೆರಳಿಗಿಂತ ತೆಳ್ಳಗೆ ಹರಡಿ, ಮೇಲೆ ತಿಳಿಯಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳಿಗೆ ಕಲ್ಲು ಹೇರಿ, ಎಪ್ರಿಲಿನ ನಡು ಮಧ್ಯಾಹ್ನ ಮೂರು ನಾಲ್ಕು ತಾಸು ಬಿಟ್ಟರೆ ಒಳಗಿನ ಸೆಕೆ ೫೫ರಿಂದ ೬೦ ಡಿಗ್ರಿಗೆ ಏರಬಲ್ಲದು. ಆ ಸೆಕೆಯಲ್ಲಿ ಒಂದು ತಾಸು ಕಳೆದರೆ ಕಾಳಿನೊಳಗಿನ ತತ್ತಿಯೂ ಮರಿಯೂ ಸಾಯುತ್ತವೆ. ಹಾಳೆ ಹೊದಿಸುವ ಈ ಕೆಲಸ ಮೊದಲೇ ಒಣಗಿದ ಊಟದ ಕಾಳಿಗೆ ಮಾತ್ರ. ಹಸಿ ಕಾಳಿಗೆ ಹೊದಿಸಿದರೆ ಒಳಗೇ ಬೆವರುತ್ತದೆ. ಬೀಜಕ್ಕೆ ಇಷ್ಟು ಕಾವು ಕೊಟ್ಟರೆ ಮೊಳಕೆ ಕೆಡುವ ಭಯವಿರುವದರಿಂದ ಅದನ್ನು ಬರೀ ಬಿಸಿಲಿಗೆ ಹರಡಿದರೆ ಸಾಕು. ಒಣಗಿದ ಕಾಳನ್ನು ಬಿಸಿಯಿರುವಾಗಲೇ ತುಂಬಬೇಡಿರಿ. ನೆರಳಲ್ಲಿ ಆರಿಸಿ ತುಂಬಿರಿ, ಇಲ್ಲವಾದರೆ ಒಳಗೆ ಬೆವರು ಹುಟ್ಟಿ ಮಾಡಿದ ಕೆಲಸವೆಲ್ಲಾ ಕೆಡುವದು.

ತುಂಬುವ ಪಾತ್ರೆಯು ಖಾಲಿಯಾಗಿರಬೇಕು. ಖಾಲಿಯೆಂದರೆ ನಿಜವಾಗಿ ಖಾಲಿ. ಹೋದ ವರ್ಷದ ಒಂದು ಹಿಡಿ ಕಾಳು ಕಣಜದ ತಳದಲ್ಲಿ ಉಳಿದರೆ ಅದೇ ಈ ವರ್ಷದ ಹುಳುವಿಗೆ ಬೀಜ. ಗೋಡೆಯ ಬಿರುಕುಗಳನ್ನು ಕೆಮ್ಮಣ್ಣಿನಿಂದ ಮುಚ್ಚಿ ಸುಣ್ಣ ಬಳಿಯಬೇಕು. ಹಳೆಯ ತಟ್ಟಿನ ಚೀಲಗಳನ್ನು ಒಳಮೈ ಹೊರಗೆ ಮಾಡಿ, ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಬೇಕು. ಕುಮಾರಪಟ್ಟಣದಲ್ಲಿ ಹೊಲವಿಲ್ಲದೆ ಕಾರ್ಖಾನೆಯ ಕೂಲಿಯಿಂದ ಬದುಕುವ ಮನೆಗಳು ಬಹಳ ಇವೆ. ತಿಂಗಳಿಗೊಮ್ಮೆ ಅಕ್ಕಿ ತರುವ ನಮಗೆ ಇದೆಲ್ಲ ಯಾಕೆ ಎಂದು ಅವರು ಅನ್ನಬಹುದು. ಆದರೆ ನ್ಯಾಯಬೆಲೆ ಅಂಗಡಿಯ ಅಕ್ಕಿಯು ಅನೇಕ ಉಗ್ರಾಣಗಳನ್ನು ದಾಟಿ ಬಂದದ್ದು. ಅದನ್ನು ತಂದ ದಿನವೇ ಜರಡಿ ಹಿಡಿದು ಬಿಸಿಲು ತೋರಿಸದೆ ಮನೆಯ ಹಳೆಯ ಅಕ್ಕಿಯ ಮೇಲೆ ಸುರಿದರೆ ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ. ತುಂಗಭದ್ರೆಯ ದಂಡೆಯ ಥಂಡಿಯೂ ಮಳೆಗಾಲದಲ್ಲಿ ಚೀಲಗಳಿಗೆ ಹಿತವಲ್ಲ.

ಗಾಳಿಯಾಡದಂತೆ ಮುಚ್ಚುವದು ಉತ್ತಮವಾದ ಉಪಾಯ. ಧಾರವಾಡ ಸೀಮೆಯ ಹಿರಿಯರು ಇದನ್ನು ಹಗೇವಿನ ಮೂಲಕ ಬಲ್ಲವರಾಗಿದ್ದರು. ಎತ್ತರವಾದ ಒಣ ನೆಲದಲ್ಲಿ ಆಳವಾಗಿ ಅಗೆದು, ಸುತ್ತಲೂ ಹುಲ್ಲು ಹೊಟ್ಟುಗಳನ್ನು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಜೋಳವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಾರಣವೇನಂದರೆ ಕಾಳೂ ಹುಳುವೂ ಉಸಿರಾಡಿ ಒಳಗಿದ್ದ ಪ್ರಾಣವಾಯು ತೀರಿ, ಇಂಗಾಲಾಮ್ಲ ವಾಯು ತುಂಬುತ್ತದೆ, ಹುಳು ಉಸಿರು ಕಟ್ಟಿ ಸಾಯುತ್ತದೆ.

ಹುಳುವನ್ನು ಕೊಲ್ಲುವ ಅದೇ ಗಾಳಿಯು ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವು ತೆರೆದ ಕೂಡಲೆ ಒಳಗಿಳಿದವನು ಎರಡು ಉಸಿರಿನಲ್ಲಿ ಬೀಳುತ್ತಾನೆ, ಅವನನ್ನು ಎತ್ತಲಿಕ್ಕೆ ಇಳಿದ ಅಣ್ಣನೂ ಬೀಳುತ್ತಾನೆ. ಹೀಗೆ ಒಂದೇ ಗುಂಡಿಯಲ್ಲಿ ಒಂದೇ ಮನೆಯ ಇಬ್ಬರು ಮೂವರು ಸಾಯುವದುಂಟು. ಈಗ ಹಗೇವುಗಳು ವಿರಳವಾದರೂ ಇರುವ ಕಡೆಗಳಲ್ಲಿ ಹಿರಿಯರ ನಿಯಮವನ್ನು ಮೀರಬಾರದು. ಬಾಯಿ ತೆರೆದು ದಿನವೆಲ್ಲಾ ಗಾಳಿಗೆ ಬಿಡಬೇಕು. ಹಗ್ಗಕ್ಕೆ ದೀಪ ಕಟ್ಟಿ ತಳದವರೆಗೆ ಇಳಿಸಬೇಕು, ದೀಪ ಆರಿದರೆ ಯಾರೂ ಇಳಿಯಬಾರದು. ದೀಪ ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದನ್ನು ಹಿಡಿದ ಇಬ್ಬರು ಮೇಲೆ ನಿಂತಿರುವಾಗ ಮಾತ್ರ ಇಳಿಯಬೇಕು. ಒಳಗೆ ಒಬ್ಬನು ಬಿದ್ದನೆಂದರೆ ಹಿಂದೆ ಇನ್ನೊಬ್ಬನು ಹಾರಬಾರದು; ಮೇಲಿನಿಂದಲೇ ಎಳೆಯಬೇಕು.

ಹಗೇವಿನ ಗುಣವನ್ನು ಅಪಾಯವಿಲ್ಲದೆ ಚೀಲದಲ್ಲಿಯೇ ಪಡೆಯುವ ಹಾದಿಯನ್ನು ಅಮೇರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನ್ ದೇಶದ ಅಲಸಂದಿ ಬೆಳೆಯುವ ಬಡ ರೈತರಿಗೋಸ್ಕರ ೧೯೮೦ರ ದಶಕದ ಕೊನೆಯಲ್ಲಿ ಹುಡುಕಲಾರಂಭಿಸಿದರು. ದಪ್ಪ ಪ್ಲಾಸ್ಟಿಕ್ಕಿನ ಎರಡು ಚೀಲಗಳನ್ನು ಒಂದರೊಳಗೊಂದು ಇಟ್ಟು, ಹೊರಗೆ ಹೆಣೆದ ಗಟ್ಟಿ ಚೀಲವನ್ನು ಹಾಕಿ, ಕಾಳನ್ನು ಒತ್ತಿ ತುಂಬಿ, ಒಂದೊಂದರ ಬಾಯಿಯನ್ನೂ ಬೇರೆ ಬೇರೆಯಾಗಿ ತಿರುಚಿ ಬಿಗಿಯಾಗಿ ಕಟ್ಟುವದೇ ಆ ಕ್ರಮ. ವಿಷವಿಲ್ಲ, ಪುಡಿಯಿಲ್ಲ. ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲ ಸಿಕ್ಕುವ ಯಾವ ಹಳ್ಳಿಯಲ್ಲಿಯೂ ಇದನ್ನು ಮಾಡಬಹುದು. ಸ್ವಲ್ಪ ಕಾಳಿದ್ದವರಿಗೆ ಬಿಗಿಮುಚ್ಚಳದ ತಗಡಿನ ಡಬ್ಬಿ ಸಾಕು. ಅದನ್ನು ಕಂಠದವರೆಗೆ ತುಂಬಬೇಕು. ಅರ್ಧ ತುಂಬಿದ ಡಬ್ಬಿಯಲ್ಲಿ ಹುಳುವಿಗೆ ಬೇಕಾದಷ್ಟು ಗಾಳಿ ಉಳಿಯುತ್ತದೆ. ದಿನಕ್ಕೆ ಮೂರು ಸಾರೆ ಮುಚ್ಚಳ ತೆರೆದರೂ ಹಾಗೆಯೇ. ಆದದರಿಂದ ವಾರದ ಕಾಳನ್ನು ಬೇರೆ ತೆಗೆದಿಡಿರಿ.

ನಮ್ಮ ಮನೆಗಳ ಹಳೆಯ ಮದ್ದುಗಳಲ್ಲಿ ಗಟ್ಟಿಯಾದವೂ ಇವೆ, ಜಳ್ಳೂ ಇವೆ. ಬೇಳೆಕಾಳುಗಳಿಗೆ ಎಣ್ಣೆ ಸವರುವದು ಗಟ್ಟಿಯಾದದ್ದು. ಒಂದು ಕಿಲೋ ಕಾಳಿಗೆ ಒಂದು ಸಣ್ಣ ಚಮಚೆ, ಅಂದರೆ ೫ ಮಿಲಿಲೀಟರಿನಷ್ಟು, ಅಡಿಗೆಯ ಎಣ್ಣೆಯನ್ನು ಎಲ್ಲಾ ಕಾಳಿಗೂ ತಗಲುವಂತೆ ಕೈಯಿಂದ ತಿಕ್ಕಿದರೆ ತತ್ತಿಯು ಸರಿಯಾಗಿ ಅಂಟುವದಿಲ್ಲ, ಅಂಟಿದ್ದು ಉಸಿರಿಲ್ಲದೆ ಸಾಯುತ್ತದೆ. ಬೀಜದ ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುವದೂ, ಜರಡಿ ಹಿಡಿದ ಕುಳ್ಳಿನ ಬೂದಿ ಬೆರೆಸುವದೂ ಯುಕ್ತವೇ. ಹುಳುವಿನ ಮೈಮೇಲೆ ತೆಳುವಾದ ಮೇಣದ ಪದರವಿದೆ. ನುಣುಪಾದ ಧೂಳು ಅದನ್ನು ಕೆರೆಯುವದರಿಂದ ಅದರ ಮೈಯ ನೀರು ಆರಿ ಸಾಯುತ್ತದೆ. ಆದರೆ ಚೀಲಕ್ಕೆ ಒಂದು ಚಿಟಿಕೆ ಬೂದಿ ಎರಚಿ ಶಾಸ್ತ್ರ ತೀರಿಸಿದರೆ ಫಲವಿಲ್ಲ. ಕಾಳುಗಳ ಸಂದೆಲ್ಲಾ ತುಂಬಬೇಕು. ಬೇವಿನ ಎಲೆಯು ಒಳ್ಳೇದು, ಆದರೆ ಹಸಿಯಾಗಿ ಹಾಕುವವರು ಚೀಲಕ್ಕೆ ಥಂಡಿಯನ್ನು ತಾವೇ ತುಂಬುತ್ತಾರೆ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ಪದರು ಪದರಾಗಿ ಹಾಕಬೇಕು, ಅಷ್ಟರಿಂದಲೇ ಕೆಲಸ ತೀರಿತೆಂದು ನಂಬಬಾರದು. ಬಜೆಯ ಬೇರಿನ ಪುಡಿಯು ಬೇವಿಗಿಂತ ಬಲವಾದದ್ದು, ಅದನ್ನು ಬೀಜದ ಕಾಳಿಗೆ ಮಾತ್ರ ಹಾಕುವದು ಲೇಸು. ಪಾದರಸದ ಗುಂಡುಗಳನ್ನು ಅಕ್ಕಿಯಲ್ಲಿಡುವ ಪದ್ಧತಿ ಎಲ್ಲಿ ಉಳಿದಿದ್ದರೂ ಬಿಡಬೇಕು. ಅದು ಮಕ್ಕಳ ನರಗಳನ್ನು ಕೆಡಿಸುವ ವಿಷ.

ಅಕ್ಕಿಯಲ್ಲಿ ಒಣಮೆಣಸಿನಕಾಯಿ ಹಾಕಿದರೆ ಹುಳು ಬರುವದಿಲ್ಲವೆಂಬ ಮಾತನ್ನು ಬ್ಯಾಡಗಿಯ ಸಮೀಪದವರಾದ ನಾವಾದರೂ ಪೂರ್ತಿ ನಂಬಬಾರದು. ಯಾಕಂದರೆ ಮೆಣಸಿನಕಾಯಿಗೇ ಹುಳು ಬೀಳುವದನ್ನು ನಾವು ಕಂಡಿದ್ದೇವೆ. ತಂಬಾಕನ್ನು ಸಹ ತಿಂದು ಜೀವಿಸುವ ಒಂದು ಸಣ್ಣ ಕಂದು ಹುಳುವು ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಸಿನಗಳನ್ನು ಕೊರೆಯುತ್ತದೆ. ಖಾರವೂ ಘಾಟೂ ಅದಕ್ಕೆ ಲೆಕ್ಕಕ್ಕಿಲ್ಲ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಹಕ್ಕು ಪಡೆದ ಬ್ಯಾಡಗಿ ಕಾಯಿಯ ಬೆಲೆಯೆಲ್ಲಾ ಅದರ ಕೆಂಪಿನಲ್ಲಿದೆ; ಸೆಕೆಯೂ ಬೆಳಕೂ ಆ ಕೆಂಪನ್ನು ಕಳೆಯುತ್ತವೆ. ಅದಕ್ಕೋಸ್ಕರವೇ ಅಲ್ಲಿಯ ವ್ಯಾಪಾರಿಗಳು ಕಾಯಿಯನ್ನು ಶೀತಗೃಹಗಳಲ್ಲಿ ಇಡುತ್ತಾರೆ, ಆ ಥಂಡಿಯಲ್ಲಿ ಹುಳುವೂ ಬೆಳೆಯದು. ಮನೆಯಲ್ಲಿ ವರ್ಷದ ಕಾಯಿ ಇಡುವವರು ತೊಟ್ಟು ಗಲಗಲ ಅನ್ನುವ ತನಕ ಒಣಗಿಸಿ, ಕತ್ತಲೆಯಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಖಾರದ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕುಟ್ಟಿಸಿಕೊಳ್ಳಬೇಕು. ತೂಕ ಹೆಚ್ಚಲೆಂದು ಕಾಯಿಗೆ ನೀರು ಚಿಮುಕಿಸಿ ಪೇಟೆಗೆ ಒಯ್ಯುವವನು ಕೊಳ್ಳುವವರ ಮನೆಗೆ ಬೂಷ್ಟನ್ನು ಮಾರುತ್ತಾನೆ. ನಮ್ಮ ಸಭೆಯವರಲ್ಲಿ ಇದು ಇರಕೂಡದು.

ಇನ್ನು ಗುಳಿಗೆಯ ವಿಷಯ. ಇದನ್ನು ಓದುವವರು ಓದು ಬಾರದ ನೆರೆಯವರಿಗೂ ಹೇಳಬೇಕೆಂದು ಬೇಡುತ್ತೇವೆ. ಕಾಳಿನ ಹುಳು ಸಾಯಿಸುವ ಅಲ್ಯುಮಿನಿಯಂ ಫಾಸ್ಫೈಡ್ ಎಂಬ ಗುಳಿಗೆಯನ್ನು ಕೆಲವರು ಹೇಗೋ ಸಂಪಾದಿಸಿ ಚೀಲಗಳಲ್ಲಿ ಹಾಕಿ, ಅದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುತ್ತಾರೆ. ಗಾಳಿಯ ತೇವ ತಾಕಿದೊಡನೆ ಆ ಗುಳಿಗೆಯಿಂದ ಫಾಸ್ಫೀನ್ ಎಂಬ ವಿಷದ ಗಾಳಿ ಹೊರಡುತ್ತದೆ. ಅದು ಚೀಲದಲ್ಲಿ ನಿಲ್ಲುವದಿಲ್ಲ. ಬಿರುಕುಗಳಿಂದ ಪಕ್ಕದ ಕೋಣೆಗೂ ನುಗ್ಗುತ್ತದೆ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರುವದುಂಟು, ಬಾರದೆಯೂ ಇರುವದುಂಟು. ವಾಂತಿ, ಎದೆ ಬಿಗಿತ, ಉಬ್ಬಸಗಳಿಂದ ಆರಂಭವಾಗಿ ರಾತ್ರಿ ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದೂ ಉಂಟು. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಸರಕಾರವು ಇದನ್ನು ಸರಕಾರದ ಉಗ್ರಾಣಗಳವರಿಗೂ ತರಬೇತಿ ಹೊಂದಿದ ಕೀಟನಿವಾರಕರಿಗೂ ಹೊರತು ಮನೆಯವರಿಗೆ ಮಾರಬಾರದೆಂದು ಗೊತ್ತುಮಾಡಿದೆ. ಅಂಗಡಿಯವನು ಬಿಡಿಯಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿರಿ. ಒಂದು ಮನೆಯಲ್ಲಿ ಹೀಗಾಯಿತೆಂದು ಸಂಶಯ ಬಂದರೆ ಕೂಡಲೆ ಎಲ್ಲರನ್ನೂ ಬೈಲಿಗೆ ತಂದು, ಬಾಗಿಲು ಕಿಟಕಿ ತೆರೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಿಂದಿನ ಕಾಲದಲ್ಲಿ ಕಾಳಿಗೆ ಹಚ್ಚುತ್ತಿದ್ದ ಬಿ.ಎಚ್.ಸಿ. ಪುಡಿಯು ೧೯೯೭ರಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿದೆ. ಅಟ್ಟದ ಮೇಲೆ ಹಳೆಯ ಪೊಟ್ಟಣವಿದ್ದರೆ ಅದನ್ನು ಊಟದ ಕಾಳಿನ ಸಮೀಪಕ್ಕೂ ತರಬೇಡಿರಿ.

ಸಭೆಯ ಹಿಡಿಯಕ್ಕಿಯ ಕುರಿತು ಎರಡು ಮಾತು. ಅಡಿಗೆಯ ಹೊತ್ತಿಗೆ ಒಂದು ಹಿಡಿಯನ್ನು ಕರ್ತನ ಕೆಲಸಕ್ಕೆಂದು ತೆಗೆದಿಡುವ ನಮ್ಮ ಸ್ತ್ರೀಯರ ವಾಡಿಕೆಯು ಮೆಚ್ಚತಕ್ಕದ್ದು. ಆದರೆ ಅನೇಕ ಮನೆಗಳ ಅಕ್ಕಿ ಒಂದೇ ಗಡಿಗೆಯಲ್ಲಿ ಬೀಳುವಾಗ ಒಂದು ಮನೆಯ ಹುಳು ಎಲ್ಲರ ಕಾಣಿಕೆಯನ್ನೂ ತಿನ್ನುತ್ತದೆ. ಕೂಡಿಸಿದ ವಾರದಲ್ಲಿಯೇ ಅದನ್ನು ಬಡವರಿಗೆ ಹಂಚಬೇಕು, ಇಲ್ಲವೆ ಮಾರಬೇಕು. ಇಡಲೇಬೇಕಾದರೆ ಜರಡಿ ಹಿಡಿದು ಬಿಸಿಲು ತೋರಿಸಿ ಇಡಬೇಕು. ಹುಳು ಬಿದ್ದ ಅಕ್ಕಿಯನ್ನು ಕಾಣಿಕೆಯ ಪಾಲಿಗೆ ತೆಗೆದಿಡುವವರು ಯಾರೂ ಇಲ್ಲವೆಂದು ನಂಬಿದ್ದೇವೆ.

ಇಷ್ಟಾದರೂ ಹುಳು ಬಿತ್ತೆಂದರೆ ಅದನ್ನು ಉಳಿದ ಕಾಳಿನ ಹತ್ತಿರ ಕೇರಬಾರದು. ಹೊರಗೆ, ಮನೆಗೆ ದೂರವಾಗಿ, ಜರಡಿ ಹಿಡಿಯಬೇಕು. ಅಂಗಳದಲ್ಲಿ ಕೇರಿದರೆ ಹುಳುವು ಸಂಜೆಯೊಳಗೆ ಗೋಡೆ ಹತ್ತಿ ಮನೆಗೆ ಮರಳುತ್ತದೆ. ಶೋಧಿಸಿದ ಕಾಳನ್ನು ಮೇಲೆ ಹೇಳಿದಂತೆ ತೆಳ್ಳಗೆ ಹರಡಿ ಬಿಸಿಲು ಕೊಟ್ಟು, ಬೇರೆ ಡಬ್ಬಿಯಲ್ಲಿ ತುಂಬಿ, ಅದನ್ನೇ ಮೊದಲು ಬೀಸಿ ತೀರಿಸಬೇಕು. ಜರಡಿಯಿಂದ ಉದುರಿದ ಹುಳುವನ್ನೂ ಧೂಳನ್ನೂ, ಬೂಷ್ಟಿಲ್ಲದಿದ್ದರೆ ಮತ್ತು ಯಾವ ಔಷಧವನ್ನೂ ಹಾಕದಿದ್ದರೆ, ಕೋಳಿಗಳಿಗೆ ಚೆಲ್ಲಬಹುದು. ಅವು ತಿಂದು ಬಿಟ್ಟದ್ದನ್ನು ಒಟ್ಟಿ ಅದೇ ದಿನ ಸುಡಬೇಕು.